ಸರ್ಟಿಫಿಕೇಟ್ ಕೊಡದ ಡಾಕ್ಟರಮ್ಮ

ಬೆಳಗ್ಗೆ ಏಳೂವರೆ. ಮಾವಳ್ಳಿಯಿಂದ ಚಾಮರಾಜಪೇಟೆಗೆ ಆಟೋ. ಒಳಗೆ ನಾನು. ನನ್ನೊಳಗೆ ರಾತ್ರಿಯಿಂದ ತಡೆದಿಟ್ಟುಕೊಂಡ ಮೂತ್ರ. ದಾರಿಯಲ್ಲಿ ಒಟ್ಟು ಹದಿನಾಲ್ಕು ಹಂಪ್ ಇವೆ. ಎಣಿಸಿದ್ದೀನಿ. ನೀವೂ ಒಂದು ದಿನ ಈ ಸ್ಥಿತಿಯಲ್ಲಿ ಹೋಗಿ ನೋಡಿ, ತಾನಾಗೇ ಎಣಿಸ್ತೀರಿ.

ಸ್ವಲ್ಪ ನಿಧಾನ ಹೋಗಪ್ಪ ಅಂತ ಎರಡು ಸಲ ಹೇಳಿದೆ. ಆಟೋದವನು ಕನ್ನಡಿಯಲ್ಲಿ ನನ್ನ ಮುಖ ನೋಡಿ ಏನು ತಿಳಿದನೋ, ಇನ್ನೂ ಜೋರಾಗಿ ಓಡಿಸಿದ. ಆಸ್ಪತ್ರೆ ಕೇಸು ಅಂದುಕೊಂಡಿರಬೇಕು. ಅವನದೇನೂ ತಪ್ಪಿಲ್ಲ, ಆಸ್ಪತ್ರೆ ಕೇಸೇ.

ಈ ವಾರದ ಅಂಕಣದ ವಿಷಯ ಹೇಳಿದಾಗ ನಮ್ಮ ಸಂಪಾದಕರು ಕನ್ನಡಕ ತೆಗೆದು ನಿಧಾನವಾಗಿ ಒರೆಸಿಕೊಂಡರು. ಭಾನುವಾರದ ಪೇಪರು, ಜನ ಕಾಫಿ ಕುಡೀತಾ ಓದ್ತಾರೆ ಅಂತ ನೆನಪಿಸಿದರು. ಆಮೇಲೆ ನಿಮ್ಮ ಮನೆಯವರು ಏನಂತಾರೆ ಅಂದರು. ಮನೆಯವರೇ ಬರೀರಿ ಅಂದಿದ್ದು ಸಾರ್ ಅಂದೆ. ಅವರು ಕನ್ನಡಕ ಹಾಕಿಕೊಂಡರು.

ವಿಷಯ ಇಷ್ಟು. ಫೆಬ್ರವರಿ ಕೊನೆಯಲ್ಲಿ ತುಮಕೂರಿಗೆ ಒಂದು ಗೃಹಪ್ರವೇಶಕ್ಕೆ ಹೋಗಿದ್ದೆ. ಬಿಸಿಲು ಆಗಲೇ ಏರಿತ್ತು. ಇಡೀ ದಿನ ನೀರು ಕುಡಿದಿರಲಿಲ್ಲ. ವಾಪಸ್ ಬರುವಾಗ ದಾರಿಯಲ್ಲಿ ಒಂದು ಸಾರ್ವಜನಿಕ ಶೌಚಾಲಯಕ್ಕೆ ಹೋದೆ. ಅದನ್ನು ವರ್ಣಿಸಿದರೆ ನಿಮ್ಮ ಕಾಫಿ ಕೆಡುತ್ತೆ, ಬಿಡಿ. ಮಾರನೇ ದಿನ ಬೆಳಗ್ಗೆ ಉರಿ. ಹೋಗುವಾಗ ಉರಿ, ಹೋದ ಮೇಲೂ ಉರಿ. ಅಲ್ಲಿಂದಲೇ ಏನೋ ಅಂಟಿಕೊಂಡು ಬಂತು ಅಂತ ನಾನೇ ತೀರ್ಪು ಕೊಟ್ಟುಕೊಂಡೆ. ಅದಕ್ಕೆ ನನ್ನದೇ ಒಂದು ಮನೆಮದ್ದನ್ನೂ ಶುರುಮಾಡಿದೆ. (ಅದೇನು ಅಂತ ಆಮೇಲೆ ಹೇಳ್ತೀನಿ. ನನಗೂ ಸ್ವಲ್ಪ ಮಾನ ಇದೆ.)

ಹತ್ತು ದಿನಕ್ಕೆ ಉರಿ ಜಾಸ್ತಿಯಾಯಿತು. ಒಳಬಟ್ಟೆಯಲ್ಲಿ ಕೀವಿನಂಥ ಸಣ್ಣ ಕಲೆ ಬೇರೆ. ಹೆದರಿ ಗಾಂಧಿ ಬಜಾರಿನಲ್ಲಿರುವ ನಮ್ಮ ಫ್ಯಾಮಿಲಿ ಡಾಕ್ಟರ ಹತ್ತಿರ ಓಡಿದೆ. ನನಗೆ ಜವಳ ತೆಗೆಸಿದ ದಿನ ಊಟಕ್ಕೆ ಬಂದಿದ್ದವರು ಅವರು. ನಮ್ಮಪ್ಪನ ಜೊತೆ ಇಸ್ಪೀಟಾಡಿದವರು. ನನ್ನ ನಾಲಿಗೆ ನೋಡಿದರು, ಕಣ್ಣು ನೋಡಿದರು, ಹೊಟ್ಟೆ ಒತ್ತಿದರು. ಎಲ್ಲಿ ನೋಡಬೇಕಿತ್ತೋ ಅಲ್ಲಿ ಮಾತ್ರ ನೋಡಲಿಲ್ಲ. "ಉಷ್ಣ ಕಣಯ್ಯ" ಅಂದರು. ಬಾರ್ಲಿ ನೀರು, ಎಳನೀರು, ಹೆಸರುಬೇಳೆ ಪಾಯಸ. ಏನನ್ನೋ ಕೇಳೋಕೆ ಬಾಯಿ ತೆರೆದವರು ಮುಚ್ಚಿಕೊಂಡು, ನಿಮ್ಮ ಮನೆತನದಲ್ಲಿ ಅಂಥದ್ದೆಲ್ಲಾ ಬರಲ್ಲ ಬಿಡು ಅಂದರು.

ಎಂಥದ್ದು? ಹೇಳಲಿಲ್ಲ. ನಾನೂ ಕೇಳಲಿಲ್ಲ. ಇಬ್ಬರೂ ಮರ್ಯಾದಸ್ಥರು.

ನೋಡಿ, ನಮ್ಮ ಜನಕ್ಕೆ ಪ್ರಶ್ನೆ ಕೇಳೋಕೆ ಸಂಕೋಚ ಅಂತ ಯಾರಾದರೂ ಅಂದರೆ ನಾನು ನಂಬಲ್ಲ. ಬಸ್ಸಿನಲ್ಲಿ ಪಕ್ಕ ಕೂತವರು ಸಂಬಳ ಎಷ್ಟು, ಸ್ವಂತ ಮನೆಯಾ, ಒಂದೇ ಮಗುವಾ, ಯಾಕೆ ಇನ್ನೊಂದು ಆಗಲಿಲ್ಲ ಅಂತ ಲಾಲ್‌ಬಾಗ್ ಗೇಟಿನಿಂದ ಮಾರ್ಕೆಟ್ಟು ಬರುವಷ್ಟರಲ್ಲಿ ಕೇಳಿ ಮುಗಿಸಿರ್ತಾರೆ. ಕೇಳಲೇಬೇಕಾದ ಪ್ರಶ್ನೆ ಬಂದಾಗ ಮಾತ್ರ ಎಲ್ಲರಿಗೂ ಕೆಮ್ಮು.

ಉರಿ ಎಳನೀರಿಗೆ ಬಗ್ಗಲಿಲ್ಲ. ಕೊನೆಗೆ ನಮ್ಮ ಬೀದಿಯ ಮೆಡಿಕಲ್ ಶಾಪಿನ ಪ್ರಕಾಶನ ಹತ್ತಿರ ಹೋದೆ. ಬೇರೆ ಗಿರಾಕಿ ಹೋಗುವ ತನಕ ಬಾಮಿನ ಡಬ್ಬಿ ತಿರುಗಿಸಿ ತಿರುಗಿಸಿ ಓದಿದೆ. ಆಮೇಲೆ ಪಿಸುಗುಟ್ಟಿದೆ. ಅವನೂ ಪಿಸುಗುಟ್ಟುತ್ತಲೇ ಏಳು ಮಾತ್ರೆಯ ಒಂದು ಸ್ಟ್ರಿಪ್ ಕೊಟ್ಟ. ಇದನ್ನ ತಗೊಂಡ್ರೆ ಏನೇ ಇದ್ರೂ ಹೋಗ್ಬಿಡುತ್ತೆ ಸಾರ್, ಯಾರಿಗೂ ಹೇಳಲ್ಲ ಅಂದ. ಮೂರು ನುಂಗಿದೆ. ಹೊಟ್ಟೆ ಕೆಟ್ಟಿತು. ನಿಲ್ಲಿಸಿದೆ. ಉಳಿದ ನಾಲ್ಕು ಷರ್ಟಿನ ಜೇಬಿನಲ್ಲಿ ಉಳಿದವು.

ಷರ್ಟು ಒಗೆಯೋಕೆ ಹೋಯಿತು. ನನ್ನ ಸಂಸಾರವೂ ಅದರ ಜೊತೆ ಹೋಯಿತು ಅಂದುಕೊಳ್ಳಿ.

ನನ್ನ ಹೆಂಡತಿ ಲಲಿತಾ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಮಾತ್ರೆಯ ಹೆಸರು ಓದಿದಳು. ಅದರಿಂದ ಏನೂ ಗೊತ್ತಾಗಲಿಲ್ಲವಂತೆ. ಗೊತ್ತಾಗಿದ್ದು ಸಂಜೆ ಪ್ರಕಾಶನ ಅಂಗಡಿಗೆ ತಲೆನೋವಿನ ಮಾತ್ರೆ ತರೋಕೆ ಹೋದಾಗ. ಪಾಪ, ಅವನು ಮರ್ಯಾದೆಗೆ ಕೇಳಿದ, ಸಾರ್ ಈಗ ಹೇಗಿದಾರೆ ಅಂತ. ಯಾಕೆ, ಸಾರ್‌ಗೆ ಏನಾಗಿದೆ ಅಂದಳು ಇವಳು. ಪ್ರಕಾಶನ ಮುಖ ಕೆಂಪಾಯಿತು. ಒಳಗೆ ಸ್ಟಾಕ್ ನೋಡಬೇಕು ಅಂತ ಹೋದವನು ಈಚೆಗೆ ಬರಲೇ ಇಲ್ಲ. ಯಾರಿಗೂ ಹೇಳಲ್ಲ ಅಂದಿದ್ದ, ಹೇಳಲಿಲ್ಲ. ಹೇಳಿದ್ದರೇ ಚೆನ್ನಾಗಿತ್ತು, ಅಷ್ಟು ನಾಚುವಂಥ ಕಾಯಿಲೆ ಯಾವುದು ಅಂತ ಇವಳೇ ಲೆಕ್ಕ ಹಾಕಿಕೊಂಡಳು.

ಅವತ್ತಿನಿಂದ ನಮ್ಮ ಮನೆಯಲ್ಲಿ ಮಾತಿಲ್ಲ. ಊಟಕ್ಕೆ ಬಡಿಸುತ್ತಾಳೆ, ಹುಳಿಗೆ ಉಪ್ಪು ಸರಿಯಾಗೇ ಇರುತ್ತೆ, ಇಸ್ತ್ರಿ ಬಟ್ಟೆ ಮಂಚದ ಮೇಲೆ ಇರುತ್ತೆ. ಮಾತು ಮಾತ್ರ ಇಲ್ಲ. ಮಗಳಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ, ಜೊತೆಗಿರಬೇಕು ಅಂತ ಇವಳ ಹಾಸಿಗೆ ಅವಳ ರೂಮಿಗೆ ಹೋಯಿತು. ಜಗಳ ಆಡಿದ್ದರೆ ಬದುಕಿಕೊಳ್ಳುತ್ತಿದ್ದೆ. ಹದಿನೆಂಟು ವರ್ಷದ ಸಂಸಾರದಲ್ಲಿ ನನಗೆ ಅಷ್ಟು ಭಯ ಆಗಿದ್ದು ಅದೇ ಮೊದಲು.

ನಾನೇ ಹೇಳಬಹುದಿತ್ತಲ್ಲ ಅಂತೀರಾ? ಏನಂತ ಹೇಳಲಿ? ಕುಂಬಳಕಾಯಿ ಕಳ್ಳ ಅಂತ ಯಾರೂ ಅಂದಿಲ್ಲ. ನಾನಾಗಿ ಹೆಗಲು ಮುಟ್ಟಿ ನೋಡಿಕೊಂಡರೆ ಹೇಗೆ? ಅದಕ್ಕೇ ಒಂದು ಪ್ಲಾನ್ ಮಾಡಿದೆ. ಒಂದು ಟೆಸ್ಟು ಮಾಡಿಸಿ, ಈ ಮನುಷ್ಯ ನಿರ್ದೋಷಿ ಅಂತ ಲೆಟರ್‌ಹೆಡ್ಡಿನ ಮೇಲೆ ಬರೆಸಿಕೊಂಡು ಊಟದ ಟೇಬಲ್ ಮೇಲೆ ಇಡೋದು. ಅವಳು ಸೈನ್ಸ್ ಟೀಚರ್ ತಾನೆ? ರಿಪೋರ್ಟು ನಂಬ್ತಾಳೆ.

ಮತ್ತೆ ಫ್ಯಾಮಿಲಿ ಡಾಕ್ಟರ ಹತ್ತಿರ ಹೋದೆ. ಅವರು ನನ್ನ ಮುಖ ನೋಡದೆ ಒಂದು ಚೀಟಿ ಬರೆದು ನಾಲ್ಕು ಮಡಿಕೆ ಮಡಿಸಿ ಕೊಟ್ಟರು. ಚಾಮರಾಜಪೇಟೆಯಲ್ಲಿ ಡಾಕ್ಟರ್ ಪದ್ಮಾವತಿ ಅಂತಿದ್ದಾರೆ, ಸ್ವಂತ ಲ್ಯಾಬು, ಅವರಿಗೆ ತೋರಿಸು, ಅವರು ಕೇಳಬೇಕಾದ್ದನ್ನ ಕೇಳ್ತಾರೆ ಅಂದರು. ಆ ಮಾತಿನಲ್ಲಿ ಸ್ವಲ್ಪ ನಾಚಿಕೆಯೂ ಇತ್ತು, ಜಾಸ್ತಿ ಗೌರವವೂ ಇತ್ತು.

ಹಳೇ ಮನೆಯ ಮುಂದಿನ ಎರಡು ರೂಮೇ ಲ್ಯಾಬು. ಕೆಂಪು ನೆಲ, ಒಂದು ಬೆಂಚು, ಕಿಟಕಿ ಪಕ್ಕ ಮೈಕ್ರೋಸ್ಕೋಪು. ಅರವತ್ತು ದಾಟಿದ ಹೆಂಗಸು, ಹತ್ತಿ ಸೀರೆ ಮೇಲೆ ಬಿಳಿ ಕೋಟು, ತಲೆಯಲ್ಲಿ ಎರಡೆಳೆ ಮಲ್ಲಿಗೆ. ಹೆಸರು ಕೇಳಿದ್ದರೂ, ನೋಡೋಕೆ ಯಾರಾದರೂ ಗಂಡಸು ಇರ್ತಾರೆ ಅಂದುಕೊಂಡಿದ್ದೆ. ವಾಪಸ್ ಹೋಗೋಣ ಅಂತ ಚಪ್ಪಲಿ ಹುಡುಕುವಷ್ಟರಲ್ಲಿ ಕೂತ್ಕೊಳ್ಳಿ ಅಂದರು. ಕೂತೆ.

ಮೊದಲ ದಿನವೇ ಬೈಸಿಕೊಂಡೆ. ಯಾಕೆ ಗೊತ್ತಾ? ಡಾಕ್ಟರ ಹತ್ತಿರ ಹೋಗ್ತೀನಿ ಅಂತ ತಲೆಗೆ ಸ್ನಾನ ಮಾಡಿ, ಎಲ್ಲಾ ಚೆನ್ನಾಗಿ ತೊಳೆದು, ಪೌಡರ್ ಹಾಕಿ, ಎರಡು ಲೀಟರ್ ಬಾರ್ಲಿ ನೀರು ಕುಡಿದು, ಅವರ ಬೀದಿ ತಿರುವಿನಲ್ಲೇ ಮೂತ್ರ ಮುಗಿಸಿ, ಮಡಿಯಾಗಿ ಹೋಗಿದ್ದೆ. ದೇವಸ್ಥಾನಕ್ಕೂ ಅಷ್ಟು ಶುಭ್ರವಾಗಿ ಹೋಗಲ್ಲ ನಾನು. ನೋಡಬೇಕಾದ್ದನ್ನೆಲ್ಲಾ ತೊಳ್ಕೊಂಡು ಬಂದಿದೀರಿ, ನಾನೇನು ನಿಮ್ಮ ಪೌಡರ್ ನೋಡ್ಲಾ ಅಂದರು. ನಾಳೆ ಬೆಳಗ್ಗೆ ಸ್ನಾನ ಮಾಡದೆ, ಮೂತ್ರಕ್ಕೆ ಹೋಗದೆ ಬನ್ನಿ.

ಆ ಹದಿನಾಲ್ಕು ಹಂಪಿನ ಕಥೆ ಹುಟ್ಟಿದ್ದು ಹೀಗೆ.

ಮಾರನೇ ದಿನ ಎರಡು ಬಾಟಲಿ ಕೊಟ್ಟರು. ಸಾಮಾನ್ಯವಾಗಿ ಲ್ಯಾಬಿನವರು ಮೊದಲನೇದು ಬಿಟ್ಟು ಮಧ್ಯದ್ದನ್ನ ಹಿಡೀರಿ ಅಂತಾರೆ. ಇವರು ಉಲ್ಟಾ. ಮೊದಲನೇದು ಒಂದರಲ್ಲಿ, ಆಮೇಲಿನದು ಇನ್ನೊಂದರಲ್ಲಿ. ಎರಡು ದಿನಕ್ಕೊಮ್ಮೆ ನಿಮ್ಮನೆ ನಲ್ಲಿಗೆ ಕಾವೇರಿ ನೀರು ಬಿಟ್ಟಾಗ ಮೊದಲನೇ ಚೊಂಬಲ್ಲಿ ಏನು ಬರುತ್ತೆ ಅಂತ ಕೇಳಿದರು. ತುಕ್ಕು, ಮಣ್ಣು ಅಂದೆ. ಪೈಪಲ್ಲಿ ಇರೋದು ಮೊದಲನೇ ಚೊಂಬಲ್ಲಿ ಬರುತ್ತೆ. ಎರಡನೇದೂ ಅಷ್ಟೇ ರಾಡಿಯಾಗಿದ್ರೆ ತೊಂದರೆ ಟ್ಯಾಂಕಲ್ಲಿ. ಇಷ್ಟೇ ವಿದ್ಯೆ ಅಂದರು. ಮೂರನೇ ಕ್ಲಾಸಿನ ಮಗುವಿಗೂ ಅರ್ಥವಾಗುವಂತೆ.

ಬಾಟಲಿಗೂ ಮೊದಲು ಇನ್ನೊಂದು ಕೆಲಸ ಆಗಿತ್ತು. ತೆಳ್ಳಗಿನ ಕಡ್ಡಿಗೆ ಹತ್ತಿ ಸುತ್ತಿ ಮೂತ್ರ ಬರುವ ದಾರಿಯ ತುದಿಯಿಂದಲೇ ಸ್ಯಾಂಪಲ್ ತೆಗೆಯೋದು. ಅದನ್ನು ನೋಡಿಯೇ ನಾನು ಬೆಂಚಿನ ತುದಿಗೆ ಸರಿದೆ. ಡಾಕ್ಟರಮ್ಮ ಹದಿಮೂರರ ಮಗ್ಗಿ ಹೇಳಿ ಅಂದರು. ಏನು? ಹದಿಮೂರರ ಮಗ್ಗಿ, ಜೋರಾಗಿ ಹೇಳಿ. ಹದಿಮೂರೊಂದ್ಲ ಹದಿಮೂರು, ಹದಿಮೂರೆರಡ್ಲ ಇಪ್ಪತ್ತಾರು, ಮೂರ್ಲ ಮೂವತ್ತೊಂಬತ್ತು, ನಾಕ್ಲ... ನಾಕ್ಲ ಎಷ್ಟು ಅಂತ ಯೋಚಿಸುವಷ್ಟರಲ್ಲಿ ಚುರ್ ಅಂದು ಮುಗಿದೇ ಹೋಗಿತ್ತು. ಹನ್ನೆರಡರ ತನಕ ಎಲ್ಲರಿಗೂ ಬಾಯಿಪಾಠ, ಹದಿಮೂರಕ್ಕೆ ತಲೆ ಓಡಿಸಬೇಕು, ಅದಕ್ಕೇ ಹದಿಮೂರು ಅಂದರು. ಮೂವತ್ತು ವರ್ಷದಿಂದ ಹೀಗೇ ಮಾಡ್ತಿದಾರಂತೆ. ಇದನ್ನ ಯಾವ ಕಾಲೇಜಲ್ಲಿ ಹೇಳಿಕೊಡ್ತಾರೆ ಹೇಳಿ?

ಆಮೇಲೆ ಪ್ರಶ್ನೆಗಳು. ಅಬ್ಬಾ, ಆ ಪ್ರಶ್ನೆಗಳು. ಶುಗರ್ ಇದ್ಯಾ? ಕಲ್ಲು ಆಗಿತ್ತಾ? ಆಪರೇಷನ್ ಆಗಿ ಟ್ಯೂಬ್ ಹಾಕಿದ್ರಾ? ಕಣ್ಣು ಕೆಂಪಾಗುತ್ತಾ, ಕೀಲು ನೋವಾ? ಹೆಂಡತಿ ಬಿಟ್ಟು ಬೇರೆಯವರ ಜೊತೆ ಸಂಬಂಧ ಇದ್ಯಾ, ಹಿಂದೆ ಇತ್ತಾ? ಇದ್ದರೆ ಹೆಂಗಸರ ಜೊತೆನಾ, ಗಂಡಸರ ಜೊತೆನಾ? ಎಲ್ಲಾ ಒಂದೇ ದನಿ. ಶುಗರ್ ಕೇಳಿದ ದನಿಯಲ್ಲೇ ಅದನ್ನೂ ಕೇಳಿದರು. ಹುಬ್ಬು ಏರಲಿಲ್ಲ, ದನಿ ಇಳಿಯಲಿಲ್ಲ. ಇಲ್ಲ ಅಂದೆ. ಇಲ್ಲ ಅಂತ ಬರೆದುಕೊಂಡರು. ನಂಬಿದರೋ ಇಲ್ಲವೋ ಮುಖದಲ್ಲಿ ಗೊತ್ತಾಗಲಿಲ್ಲ. ಅಷ್ಟು ದಿನ ಎಲ್ಲರೂ ಕೇಳದೆ ಉಳಿಸಿದ ಮರ್ಯಾದೆಗಿಂತ ಆ ಯಮ್ಮ ಕೇಳಿ ಕೊಟ್ಟ ಮರ್ಯಾದೆ ದೊಡ್ಡದು ಅನ್ನಿಸಿತು ನನಗೆ.

ಕೊನೆಗೆ, ಅಲ್ಲಿಗೆ ಏನು ಹಾಕಿ ತೊಳೀತೀರಿ ಅಂದರು.

ಬಂತು ನೋಡಿ ನನ್ನ ಮನೆಮದ್ದು. ಆ ತುಮಕೂರಿನ ದಿನದಿಂದ ಬೆಳಗ್ಗೆ ಸಂಜೆ ಆಂಟಿಸೆಪ್ಟಿಕ್ ಲೋಷನ್ ಹಾಕಿ ತೊಳೀತಿದ್ದೆ. ಗಾಯಕ್ಕೆ ಹಾಕ್ತೀವಲ್ಲ, ಅದೇ. ಎಷ್ಟು ನೀರಿಗೆ ಎಷ್ಟು ಅಂತ ಕೇಳಿದರು. ನೀರು ಬೆರೆಸಲ್ಲ ಡಾಕ್ಟ್ರೇ, ಹಾಗೇ ಹಾಕ್ತೀನಿ, ಒಳಗೂ ಸ್ವಲ್ಪ ಹೋಗಲಿ ಅಂತ. ಪೆನ್ನು ಕೆಳಗಿಟ್ಟು ನನ್ನನ್ನೇ ಅರ್ಧ ನಿಮಿಷ ನೋಡಿದರು. ಉರಿ ಜಾಸ್ತಿ ಆದಾಗ ಏನು ಮಾಡಿದ್ರಿ? ಲೋಷನ್ ಜಾಸ್ತಿ ಮಾಡಿದೆ.

ಬೆಂಕಿ ಆರಿಸೋಕೆ ಸೀಮೆಎಣ್ಣೆ ಸುರಿದಿದ್ದೀನಿ ಅಂತ ಹೇಳುವಾಗಲೇ ನನಗೆ ಗೊತ್ತಾಯಿತು.

ಹಾಗಂತ ಅವರು ಅಲ್ಲಿಗೇ ತೀರ್ಪು ಕೊಡಲಿಲ್ಲ. ನಾನಾಗಿದ್ದರೆ ಕೊಟ್ಟುಬಿಡುತ್ತಿದ್ದೆ. ಮೊದಲ ದಿನದ ಉರಿ ಬಿಸಿಲಿಗೆ, ನೀರು ಕುಡಿಯದ್ದಕ್ಕೆ ಇರಬಹುದು. ಆಮೇಲಿನದು ಲೋಷನ್ನಿಗೆ ಇರಬಹುದು. ಆದರೆ ಇರಬಹುದು ಅನ್ನೋದು ರಿಪೋರ್ಟ್ ಅಲ್ಲ ಅಂತ ಹೇಳಿ ಸ್ಲೈಡಿಗೆ ಬಣ್ಣ ಹಾಕಿ ಮೈಕ್ರೋಸ್ಕೋಪಿನ ಮುಂದೆ ಕೂತರು. ಇಪ್ಪತ್ತು ನಿಮಿಷ ಎದ್ದೇಳಲಿಲ್ಲ. ಒಳಗೆ ಫೋನು ಹೊಡೆದುಕೊಂಡು ಹೊಡೆದುಕೊಂಡು ನಿಂತಿತು. ಆಮೇಲೆ ನನ್ನನ್ನೇ ಕರೆದು ತೋರಿಸಿದರು. ಕೆನ್ನೇರಳೆ ಚುಕ್ಕೆಗಳು. ಇವು ಕೀವಿನ ಕಣ, ಪೊಲೀಸರಿದ್ದ ಹಾಗೆ, ಗಲಾಟೆ ಆಗಿದೆ ಅಂತ ಬಂದಿವೆ, ಮೊದಲನೇ ಬಾಟಲಿಯಲ್ಲೂ ಇವೆ, ಎರಡನೇದರಲ್ಲಿ ಇಲ್ಲ, ಅಂದ್ರೆ ಗಲಾಟೆ ಪೈಪಲ್ಲೇ. ಆದ್ರೆ ಕಳ್ಳ ಕಾಣ್ತಿಲ್ಲ ಅಂದರು.

ನನಗೆ ಕುಣಿದಾಡುವಷ್ಟು ಖುಷಿ. ಹಾಗಾದ್ರೆ ನನಗೆ ಆ ಥರದ ಕಾಯಿಲೆ ಯಾವತ್ತೂ ಇರಲಿಲ್ಲ ಅಂತ ಒಂದು ಲೈನ್ ಬರೆದುಕೊಡಿ ಡಾಕ್ಟ್ರೇ ಅಂದೆ.

"ಏನಾದ್ರೂ ಮಾತ್ರೆ ತಗೊಂಡಿದ್ರಾ?"

ಮೂರು ತಗೊಂಡಿದ್ದೆ, ಹೆಸರು ಹೇಳಿದೆ. ಅವರ ಮುಖ ಸಪ್ಪಗಾಯಿತು.

"ಹಾಗಿದ್ರೆ ಈಗ ಕಾಣ್ತಿಲ್ಲ ಅಂತ ಬರೀಬಲ್ಲೆ. ಮುಂಚೆಯೂ ಇರಲಿಲ್ಲ ಅಂತ ನಾನು ಬರೆಯಲ್ಲ. ಸಾಕ್ಷಿನ ನೀವೇ ಅಳಿಸ್ಕೊಂಡು ಬಂದಿದೀರಿ."

ನೋಡಿ ನನ್ನ ಬುದ್ಧಿವಂತಿಕೆ. ಇಲ್ಲದ ಕಳ್ಳನನ್ನು ಓಡಿಸೋಕೆ ಮಾತ್ರೆ ನುಂಗಿ, ಕಳ್ಳನೇ ಇರಲಿಲ್ಲ ಅಂತ ಸಾಬೀತು ಮಾಡುವ ದಾರಿಯನ್ನೂ ಮುಚ್ಚಿಕೊಂಡಿದ್ದೆ. ಅಂಗಲಾಚಿದೆ. ಮನೆಯ ಪರಿಸ್ಥಿತಿ ಎಲ್ಲಾ ಹೇಳಿದೆ, ಹಾಸಿಗೆ ಮಗಳ ರೂಮಿಗೆ ಹೋದ ತನಕ. ಪೂರ್ತಿ ಕೇಳಿಸಿಕೊಂಡರು. ನೋವಾಯಿತು ಅವರಿಗೆ, ಅದು ಕಂಡಿತು. ಆದರೂ ಬರೆಯಲಿಲ್ಲ. ಈ ಮೈಕ್ರೋಸ್ಕೋಪಿನಲ್ಲಿ ಕಾಣದ ಇನ್ನೊಂದು ಕ್ರಿಮಿ ಇರುತ್ತೆ, ಅದಕ್ಕೆ ಸ್ಯಾಂಪಲನ್ನು ದೊಡ್ಡ ಲ್ಯಾಬಿಗೆ ಕಳಿಸ್ತೀನಿ ಅಂದರು. ಲೋಷನ್ ಬಿಸಾಕಿ, ಬರೀ ನೀರಲ್ಲಿ ತೊಳೀರಿ. ಬೇರೆ ಮಾತ್ರೆ ಬೇಡ ಅಂತ ನಿಮ್ಮ ಡಾಕ್ಟರಿಗೆ ನಾನೇ ಫೋನ್ ಮಾಡ್ತೀನಿ, ಉರಿ ಜಾಸ್ತಿಯಾದ್ರೆ ಮಾತ್ರ ಕಾಯಬೇಡಿ, ತಕ್ಷಣ ಬನ್ನಿ. ಅಲ್ಲಿವರೆಗೆ ಹೆಂಡತಿಯಿಂದ ದೂರ ಇರಿ. (ಆ ಆದೇಶ ನಮ್ಮ ಮನೆಯಲ್ಲಿ ಆಗಲೇ ಜಾರಿಯಲ್ಲಿತ್ತು.) ಹತ್ತು ದಿನ ಬಿಟ್ಟು ಬನ್ನಿ, ಅವರಿಗೆ ಅನುಮಾನ ಇದ್ರೆ ಅವರನ್ನೂ ಕರ್ಕೊಂಡು ಬನ್ನಿ ಅಂದರು.

ಅವತ್ತು ಅವರ ಮೇಲೆ ನನಗೆ ಸಿಟ್ಟು ಬಂದಿದ್ದು ನಿಜ. ಒಂದು ಲೈನು ಬರೆದರೆ ಇವರ ಗಂಟೇನು ಹೋಗುತ್ತಿತ್ತು?

ಹತ್ತನೇ ದಿನದ ಹೊತ್ತಿಗೆ ಉರಿ ಇರಲಿಲ್ಲ. ಹಿಂದಿನ ಸಂಜೆ ಗೋಡೆ ನೋಡಿಕೊಂಡು ಹೇಳಿದೆ, ನಾಳೆ ಚಾಮರಾಜಪೇಟೆ ಲ್ಯಾಬಿಗೆ ಹೋಗಬೇಕು, ಡಾಕ್ಟರು ನೀನೂ ಬರಬಹುದು ಅಂದಿದ್ದಾರೆ. ಲಲಿತಾ ಮಗಳ ರೂಮಿಗೆ ಹೋದಳು. ಬೆಳಗ್ಗೆ ನೋಡಿದರೆ ಸೀರೆ ಉಟ್ಟು, ಸ್ಕೂಲಿಗೆ ಅರ್ಧ ದಿನ ರಜೆ ಹೇಳಿ, ಬಾಗಿಲಲ್ಲಿ ನಿಂತಿದ್ದಳು. ಮತ್ತೆ ಅದೇ ಹದಿನಾಲ್ಕು ಹಂಪು. ಈ ಸಲ ಅವುಗಳ ಕಡೆ ನನಗೆ ಗಮನವೇ ಇರಲಿಲ್ಲ.

ಡಾಕ್ಟರಮ್ಮ ಮತ್ತೆ ಸ್ಲೈಡು ಮಾಡಿದರು. ಲಲಿತಾ ನಾನೂ ನೋಡಬಹುದಾ ಅಂತ ಕೇಳಿ, ಮೈಕ್ರೋಸ್ಕೋಪಿನ ಮುಂದೆ ಕೂತು, ಯಾರ ಸಹಾಯವೂ ಇಲ್ಲದೆ ಫೋಕಸ್ ಮಾಡಿಕೊಂಡಳು. ಪಕ್ಕದಲ್ಲಿ ಹಳೇ ಸ್ಲೈಡೂ ಇಟ್ಟಿದ್ದರು, ಅದನ್ನೂ ನೋಡಿದಳು. ಹಳೆಯದರಲ್ಲಿ ಗುಂಪು ಗುಂಪು ಚುಕ್ಕೆ. ಹೊಸದರಲ್ಲಿ ಹುಡುಕಿದರೆ ಒಂದೋ ಎರಡೋ. ದೊಡ್ಡ ಲ್ಯಾಬಿನ ರಿಪೋರ್ಟಿನಲ್ಲೂ ಏನೂ ಸಿಕ್ಕಿರಲಿಲ್ಲ. ಡಾಕ್ಟರಮ್ಮ ಎಲ್ಲಾ ಹೇಳಿದರು. ಲೋಷನ್ನಿನ ಕಥೆ ಹೇಳಿದರು. ನುಂಗಿದ ಮೂರು ಮಾತ್ರೆಯ ಕಥೆಯನ್ನೂ ಬಿಡದೆ ಹೇಳಿದರು. ನಾನು ನೆಲದ ಕೆಂಪನ್ನೇ ನೋಡುತ್ತಿದ್ದೆ.

ಲಲಿತಾ ಮೈಕ್ರೋಸ್ಕೋಪಿನಿಂದ ತಲೆ ಎತ್ತಿ ನೇರವಾಗಿ ಕೇಳಿದಳು.

"ಡಾಕ್ಟ್ರೇ, ಇವರು ತಪ್ಪು ಮಾಡಿದಾರಾ, ಇಲ್ವಾ?"

"ಲೋಷನ್ನೇ ಕಾರಣ ಅಂತ ನನಗನ್ಸುತ್ತೆ. ಗ್ಯಾರಂಟಿ ಕೊಡಲ್ಲ. ನೀವು ಕೇಳ್ತಿರೋದು ಇದರಲ್ಲಿ ಕಾಣಲ್ಲಮ್ಮ. ಅದನ್ನ ಅವರನ್ನೇ ಕೇಳ್ಬೇಕು. ಕೇಳಿದ್ರಾ?"

ಇವಳು ಮತ್ತೆ ಮೈಕ್ರೋಸ್ಕೋಪಿಗೆ ಬಗ್ಗಿದಳು. ಕೇಳಿರಲಿಲ್ಲವಲ್ಲ. ಮೂರು ವಾರ ಒಂದೇ ಸೂರಿನ ಕೆಳಗೆ ಇದ್ದು, ಅವಳು ಕೇಳಿರಲಿಲ್ಲ, ನಾನು ಹೇಳಿರಲಿಲ್ಲ. ನಿಮಗೂ ಬೇಕಿದ್ರೆ ಟೆಸ್ಟ್ ಮಾಡ್ತೀನಿ, ನಿಮ್ಮಿಷ್ಟ ಅಂತ ಹೇಳಿ ಡಾಕ್ಟರಮ್ಮ ಮುಂದಿನ ಪೇಷೆಂಟನ್ನು ಕರೆದರು. ಒಳಗಿನಿಂದ ಯಾರೋ ಹದಿಮೂರೊಂದ್ಲ ಹದಿಮೂರು ಅನ್ನೋದು ಕೇಳಿಸಿತು.

ಆಟೋ ಬೇಡ ಅಂದಳು. ನಡೆದೆವು. ಮೂಲೆಯ ದರ್ಶಿನಿಯಲ್ಲಿ ಬೈಟು ಕಾಫಿ ತಗೊಂಡು ನಿಂತಾಗ, ಲೋಟದ ನೊರೆ ನೋಡುತ್ತಾ ಕೇಳಿಯೇ ಬಿಟ್ಟಳು. ಬೇರೆಯವರ ಜೊತೆ ಸಂಬಂಧ ಇತ್ತಾ ಅಂತ, ಸುತ್ತಿ ಬಳಸದೆ, ಡಾಕ್ಟರಮ್ಮನ ದನಿಯಲ್ಲೇ. ಇಲ್ಲ ಕಣೇ ಅಂದೆ. ನನ್ನ ಕಣ್ಣು ನೋಡಿದಳು. ಎಷ್ಟು ಹೊತ್ತು ಅಂತ ಗೊತ್ತಿಲ್ಲ, ಕಾಫಿ ಮೇಲೆ ಕೆನೆ ಕಟ್ಟುವಷ್ಟು ಹೊತ್ತು. ಸರಿ ಅಂದಳು. ಆಮೇಲೆ, ನೀರು ಬೆರೆಸದೆ ಹಾಕ್ಕೊಂಡ್ರಾ ಅಂತ ಕೇಳಿ ನಕ್ಕಳು. ಅಳುತ್ತಲೂ ಇದ್ದಳು ಅಂತ ಕಾಣುತ್ತೆ. ನಾನಂತೂ ಅತ್ತೆ. ದರ್ಶಿನಿಯವನು ನಮ್ಮಿಬ್ಬರನ್ನೂ ನೋಡಿ ಇನ್ನೊಂದು ಬೈಟು ತಾನೇ ತಂದಿಟ್ಟ.

ಸಂಜೆ ಹಾಸಿಗೆ ವಾಪಸ್ ಬಂತು. ದಿಂಬು ಸರಿಮಾಡುತ್ತಿದ್ದವಳಿಗೆ ನಾನು ನನ್ನ ಹಳೇ ಸಿಟ್ಟು ತೋಡಿಕೊಂಡೆ. ಆ ಯಮ್ಮ ನಾನು ಕೇಳಿದ ದಿನವೇ ಒಂದು ಲೈನ್ ಬರೆದುಕೊಟ್ಟಿದ್ದರೆ ಇಷ್ಟೆಲ್ಲಾ ಆಗ್ತಾನೇ ಇರಲಿಲ್ಲ ಅಂದೆ.

ಲಲಿತಾ ದೀಪ ಆರಿಸುತ್ತಾ ಹೇಳಿದಳು.

"ಬರ್ಕೊಟ್ಟಿದ್ರೆ ನಾನು ಅವರನ್ನೂ ನಂಬ್ತಿರ್ಲಿಲ್ಲ, ನಿಮ್ಮನ್ನೂ ನಂಬ್ತಿರ್ಲಿಲ್ಲ."